ಮಾಜುಲಿಯಲ್ಲಿ ಆರು ವಾರ, ಮನೆ ಕೆಳಗೇ ಹಂದಿ: ಮೆದುಳು ಜ್ವರದ ಲಸಿಕೆ ಬೇಕಾ?

ಲಾಳಿ_ಹುಡುಗಿ, ವಿಜಯನಗರ

ಜೂನ್ ಕೊನೆಗೆ ಅಸ್ಸಾಂಗೆ ಹೊರಟಿದ್ದೇನೆ. ಮಾಜುಲಿಯಲ್ಲಿ ಆರು ವಾರ ಇದ್ದು ಮಿಸಿಂಗ್ ಬುಡಕಟ್ಟಿನ ಹೆಂಗಸರ ಹತ್ತಿರ ನೇಯ್ಗೆ ಕಲಿಯುವ ಆಸೆ. ಉಳಿಯುವ ಮನೆಯ ಫೋಟೋ ಕಳಿಸಿದ್ದಾರೆ. ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಬಿದಿರಿನ ಮನೆ, ಕೆಳಗೆ ಮಗ್ಗ, ಮಗ್ಗದ ಪಕ್ಕದಲ್ಲೇ ಎರಡು ಹಂದಿ ಮಲಗಿವೆ, ಆಚೆಗೆ ಗದ್ದೆ. ನನಗಂತೂ ಖುಷಿಯೋ ಖುಷಿ. ಅಕ್ಕ ನೋಡಿ, "ಹಂದಿ, ಗದ್ದೆ, ಮಳೆಗಾಲ, ಮೆದುಳು ಜ್ವರ ಬರುತ್ತೆ ಕಣೇ" ಅಂದಳು. ಹತ್ತಿರದ ಕ್ಲಿನಿಕ್‌ನಲ್ಲಿ ಕೇಳಿದರೆ "ಅದು ಮಕ್ಕಳಿಗೆ ಹಾಕೋದು, ನಿಮಗ್ಯಾಕೆ" ಅಂತ ವಾಪಸ್ ಕಳಿಸಿದರು. ನನಗೆ 34. ಹೊರಡೋಕೆ ಇನ್ನು 26 ದಿನ. ಅಕ್ಕ ಸುಮ್ನೆ ಹೆದರಿಸ್ತಿದ್ದಾಳಾ?

ಬೈಟು_ಕಾಫಿ

ತಲೆ ಕೆಡಿಸ್ಕೋಬೇಡಿ. ನಾನು ಗುವಾಹಟಿ, ಕಾಜಿರಂಗ ಎಲ್ಲ ಐದು ದಿನದಲ್ಲಿ ಸುತ್ತಿ ಬಂದೆ, ಏನೂ ಆಗಲಿಲ್ಲ. ಬೆಂಗಳೂರಿನವರಿಗೆ ಸೊಳ್ಳೆ ಹೊಸದಾ? ಒಂದು ಟ್ಯೂಬ್ ಒಡೋಮಾಸ್ ಇಟ್ಕೊಳ್ಳಿ, ಸಾಕು.

ಐಸ್‌ಬಾಕ್ಸ್_ಸಿಸ್ಟರ್

ಲಸಿಕೆ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಕಾಫಿಯವರೇ, ನಿಮ್ಮ ಐದು ದಿನದ ಲೆಕ್ಕ ನಿಮಗೆ ಸರಿ, ಇವರಿಗೆ ಆಗಲ್ಲ. ಮೊದಲನೆಯದು, ನಮಗೆ ಅಭ್ಯಾಸ ಇರೋದು ಡೆಂಗಿ ಸೊಳ್ಳೆ. ಅದು ಹಗಲು ಕಚ್ಚುತ್ತೆ, ಡ್ರಮ್ಮಿನ ನೀರು, ಹೂಕುಂಡದ ತಟ್ಟೆಯಲ್ಲಿ ಹುಟ್ಟುತ್ತೆ. ಮೆದುಳು ಜ್ವರ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್, ತರುವುದು ಕ್ಯೂಲೆಕ್ಸ್ ಜಾತಿಯವು. ಗದ್ದೆ ನೀರಲ್ಲಿ ಹುಟ್ಟಿ, ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತವೆ. ವೈರಸ್ ಕೊಕ್ಕರೆ, ಬೆಳ್ಳಕ್ಕಿಗಳಲ್ಲಿ ಇರುತ್ತೆ, ಹಂದಿ ಮೈಯಲ್ಲಿ ಸಿಕ್ಕಾಪಟ್ಟೆ ಹೆಚ್ಚುತ್ತೆ, ಹಂದಿಯನ್ನು ಕಚ್ಚಿದ ಸೊಳ್ಳೆ ನಮ್ಮನ್ನು ಕಚ್ಚಿದರೆ ನಮಗೆ. ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ, ಹಂದಿ ಮುಟ್ಟಿದರೂ ಬರಲ್ಲ.

ಸೋಂಕು ತಗುಲಿದ ಬಹಳ ಜನಕ್ಕೆ ಗೊತ್ತೇ ಆಗಲ್ಲ. ಸುಮಾರು 250ರಲ್ಲಿ ಒಬ್ಬರಿಗೆ ಜೋರಾಗುತ್ತೆ. ಆದರೆ ಹಾಗೆ ಜೋರಾದವರಲ್ಲಿ 100ಕ್ಕೆ 30ರವರೆಗೂ ಸಾವು, ಉಳಿದವರಲ್ಲೂ ಎಷ್ಟೋ ಜನಕ್ಕೆ ಫಿಟ್ಸ್, ಮಾತು ಹೋಗೋದು, ಕೈಕಾಲು ಸ್ವಾಧೀನ ತಪ್ಪೋದು. ವೈರಸ್ ಕೊಲ್ಲುವ ಔಷಧಿ ಇಲ್ಲ. ಅದಕ್ಕೇ ಲಸಿಕೆ.

ಸಿಟಿ ಹೋಟೆಲಲ್ಲಿ ನಾಲ್ಕು ದಿನ ಇರುವವರಿಗೆ ಸಾಮಾನ್ಯವಾಗಿ ಬೇಡ ಅಂತೀವಿ. ತಿಂಗಳು, ಅದಕ್ಕಿಂತ ಜಾಸ್ತಿ ಇರುವವರು, ಹಳ್ಳಿಯಲ್ಲಿ ಗದ್ದೆ-ಹಂದಿ ಹತ್ತಿರ ಮಲಗುವವರು ಹಾಕಿಸ್ಕೊಳ್ಳಬೇಕು. ನೀವು ಎರಡರಲ್ಲೂ ಇದ್ದೀರಿ, ಹೋಗ್ತಿರೋದೂ ಮಳೆಗಾಲದಲ್ಲಿ. "ಮಕ್ಕಳಿಗೆ" ಅನ್ನೋದು ಸರ್ಕಾರಿ ಕಾರ್ಯಕ್ರಮದ ಮಾತು. ಅಸ್ಸಾಂನ ಕೆಲವು ಜಿಲ್ಲೆಗಳಲ್ಲಿ ದೊಡ್ಡವರಿಗೂ ಹಾಕಿದ್ದಾರೆ.

ನಿಮ್ಮ ತೊಂದರೆ 26 ದಿನ. ಸಾಮಾನ್ಯವಾಗಿ ಎರಡು ಡೋಸ್, ಮಧ್ಯೆ 28 ದಿನ, ಎರಡನೆಯದಾಗಿ ಒಂದು ವಾರ ಬಿಟ್ಟು ಹೊರಟರೆ ಒಳ್ಳೇದು. ಇಕ್ಸಿಯಾರೋ ಅನ್ನೋ ಲಸಿಕೆಗೆ 7 ದಿನದ ಅಂತರದ ಕ್ರಮವೂ ಇದೆ, 18ರಿಂದ 65 ವಯಸ್ಸಿನವರಿಗೆ. ನಿಮಗೆ ಸಿಗುವ ಲಸಿಕೆಗೆ ಯಾವ ಕ್ರಮ ಅಂತ ಡಾಕ್ಟರೇ ಹೇಳಬೇಕು. ಪ್ರಯಾಣಿಕರಿಗೆ ಲಸಿಕೆ ಹಾಕುವ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಸ್ಟಾಕ್ ಇದೆಯಾ ಕೇಳಿಯೇ ಹೋಗಿ.

ಮಾಲೂರು_ಹುಡುಗ

ಇದು ಅಸ್ಸಾಂ ಕಾಯಿಲೆ ಅಂದ್ಕೊಂಡು ಕೂರಬೇಡಿ. 70ರ ದಶಕದ ಕೊನೆಗೆ ನಮ್ಮ ಕೋಲಾರದಲ್ಲೇ ಬಂದಿತ್ತು. ನಮ್ಮ ಬೀದಿಯಲ್ಲಿ ಆಗ ಬದುಕಿಕೊಂಡ ಒಬ್ಬರಿದ್ದರು. ಬಲಗೈ ಎತ್ತೋಕಾಗ್ತಿರಲಿಲ್ಲ, ಎಡಗೈಯಲ್ಲೇ ಅಂಗಡಿ ಲೆಕ್ಕ ಬರೀತಿದ್ದರು, ಅಕ್ಷರ ಮುತ್ತಿನ ಹಾಗೆ. ಇನ್ನೊಂದು ವಿಷಯ ಗೊತ್ತಾ? 2013ರಲ್ಲಿ ಹೈದರಾಬಾದಿನ ಭಾರತ್ ಬಯೋಟೆಕ್ ತಂದ ಜೆನ್‌ವ್ಯಾಕ್ ಲಸಿಕೆ ಕೋಲಾರದ ರೋಗಿಯಿಂದ ತೆಗೆದ ವೈರಸ್‌ನಿಂದಲೇ ಮಾಡಿದ್ದು. ಚಿನ್ನ ಬಿಟ್ಟರೆ ನಾವು ದೇಶಕ್ಕೆ ಕೊಟ್ಟಿದ್ದು ಇದೂ ಒಂದು!

ಬೈಟು_ಕಾಫಿ

ಸರಿ ಸಿಸ್ಟರ್, ಮಾತು ವಾಪಸ್ ತಗೊಂಡೆ. ಆದ್ರೂ ಲಸಿಕೆ ಹಾಕಿಸ್ಕೊಂಡ ಮೇಲೆ ಒಡೋಮಾಸ್ ಬೇಡ್ವಾ?

ಐಸ್‌ಬಾಕ್ಸ್_ಸಿಸ್ಟರ್

ಬೇಕೇ ಬೇಕು. ಈ ಲಸಿಕೆ ಮಲೇರಿಯಾ, ಡೆಂಗಿ ತಡೆಯಲ್ಲವಲ್ಲ. ಕ್ರೀಮ್ ಕೆಲವೇ ಗಂಟೆ ಕೆಲಸ ಮಾಡುತ್ತೆ, ಸಂಜೆ ಮಗ್ಗದ ಹತ್ತಿರ ಕೂರುವಾಗ ಮತ್ತೆ ಹಚ್ಚಿ, ಮುಖ್ಯವಾಗಿ ಪಾದಕ್ಕೆ. ತುಂಬು ತೋಳಿನ ಬಟ್ಟೆ. ಪರ್ಮೆಥ್ರಿನ್ ಅನ್ನೋ ಕೀಟನಾಶಕ ಹಾಕಿದ ಸೊಳ್ಳೆಪರದೆ. ಅಲ್ಲಿದ್ದಾಗಲೋ ವಾಪಸ್ ಬಂದು ಎರಡು ವಾರದೊಳಗೋ ಜೋರು ಜ್ವರದ ಜೊತೆ ತಲೆನೋವು, ವಾಂತಿ, ಗೊಂದಲದ ಮಾತು ಶುರುವಾದರೆ ಡೋಲೋ ನುಂಗಿ ಮಲಗಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಎಲ್ಲಿ ಉಳಿದಿದ್ದಿರಿ ಅಂತ ನೀವೇ ಬಾಯಿಬಿಟ್ಟು ಹೇಳಿ.

ಲಾಳಿ_ಹುಡುಗಿ, ವಿಜಯನಗರ

ಅಪ್‌ಡೇಟ್: ಮೂರು ಕಡೆ ಫೋನ್ ಮಾಡಿದ ಮೇಲೆ ಸಿಕ್ಕಿತು. ಮೊದಲ ಡೋಸ್ ನಿನ್ನೆ ಆಯ್ತು, ತೋಳು ಸ್ವಲ್ಪ ನೋವು, ಅಷ್ಟೇ. ಟ್ರೈನ್ ಟಿಕೆಟ್ ಎರಡು ವಾರ ಮುಂದಕ್ಕೆ ಹಾಕಿದೆ. ಮಾಜುಲಿಯ ಅಕ್ಕನಿಗೆ ಅಳುಕಿಂದಲೇ ಸೊಳ್ಳೆಪರದೆ ವಿಷಯ ಕೇಳಿದರೆ ನಕ್ಕುಬಿಟ್ಟರು, "ಪರದೆ ಇಲ್ಲದೆ ನಾವೇ ಮಲಗಲ್ಲ" ಅಂತ. ಆದರೆ ಅವರದು ಬಿದಿರಿನ ನೆಲ, ಸಂದಿಯಲ್ಲಿ ಕೆಳಗಿನ ಹಂದಿ ಕಾಣುತ್ತಂತೆ. ಸೊಳ್ಳೆ ಅಡಿಯಿಂದ ಬರಲ್ವಾ? ಪರದೆಯನ್ನು ಚಾಪೆ ಕೆಳಗೆ ಸಿಕ್ಕಿಸಿದರೆ ಸಾಕಾ?

ಐಸ್‌ಬಾಕ್ಸ್_ಸಿಸ್ಟರ್

ಚಾಪೆ ಸಾಲದು, ಅದರಲ್ಲೂ ಸಂದಿ ಇರುತ್ತೆ. ದಪ್ಪ ಹಾಸಿಗೆ ಹಾಕಿಸ್ಕೊಳ್ಳಿ, ಪರದೆ ಸುತ್ತಲೂ ಅದರಡಿಗೆ ಹೋಗಬೇಕು. ಇಲ್ಲಾಂದ್ರೆ ಅಡಿಯಲ್ಲೂ ಬಟ್ಟೆ ಹೊಲಿದಿರುವ ಮಡಚುವ ಪರದೆ ಬರುತ್ತಲ್ಲ, ಅದನ್ನೇ ಇಲ್ಲಿಂದ ಒಯ್ಯಿರಿ.