ರೈಲ್ಸ್: ಯೂನಿಕ್‌ನೆಸ್ ವ್ಯಾಲಿಡೇಶನ್ ಇದ್ದರೂ ಒಂದೇ ಇಮೇಲ್ ಎರಡು ಸಲ ಸೇವ್ ಆಗ್ತಿದೆ

ಹೊಸಕೋಡಿಗ:

ಎಲ್ಲರಿಗೂ ನಮಸ್ಕಾರ. ರೈಲ್ಸ್ 7.1 (ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್), ಡೇಟಾಬೇಸ್ ಪೋಸ್ಟ್‌ಗ್ರೆಸ್. ಸದಸ್ಯರ ನೋಂದಣಿಗೆ ಒಂದು ಫಾರ್ಮ್ ಇದೆ. ಮೆಂಬರ್ ಮಾಡೆಲ್‌ನಲ್ಲಿ ಇಮೇಲ್‌ಗೆ ಪ್ರೆಸೆನ್ಸ್ (ಖಾಲಿ ಇರಬಾರದು), ಯೂನಿಕ್‌ನೆಸ್ (ಎರಡು ಸಲ ಬರಬಾರದು) ಎರಡೂ ವ್ಯಾಲಿಡೇಶನ್ ಹಾಕಿದ್ದೀನಿ. ನಾನೇ ಕೂತು ಒಂದೇ ಇಮೇಲ್ ಎರಡು ಸಲ ಕೊಟ್ಟರೆ ಎರರ್ ಸರಿಯಾಗೇ ಬರುತ್ತೆ, ಟೆಸ್ಟೂ ಪಾಸ್. ಆದರೆ ಪ್ರೊಡಕ್ಷನ್‌ನಲ್ಲಿ ಆಗೊಂದು ಈಗೊಂದು ಜೋಡಿ ಸಾಲು ಬಂದು ಕೂತಿರುತ್ತೆ.

ಸಾಲು ಸೇರಿದ ಸಮಯ ಹೇಳೋ ಕ್ರಿಯೇಟೆಡ್ ಅಟ್ ಕಾಲಂ ನೋಡಿದೆ. ಹೆಚ್ಚಿನ ಜೋಡಿಗಳ ನಡುವೆ ಬರೀ ಮಿಲಿಸೆಕೆಂಡುಗಳ ಅಂತರ. ಕೆಲವಕ್ಕೆ ಮಾತ್ರ ದಿನಗಟ್ಟಲೆ ಅಂತರ ಇದೆ, ತಲೆ ಕೆಟ್ಟಿರೋದು ಅದರಿಂದಲೇ. ಟೇಬಲ್‌ನಲ್ಲಿ ಎರಡೂ ಇಮೇಲ್ ಅಕ್ಷರಕ್ಕೆ ಅಕ್ಷರ ಒಂದೇ. ಇಮೇಲ್‌ನ ಸ್ಪೇಸ್ ತೆಗೆದು ಎಲ್ಲಾ ಸಣ್ಣಕ್ಷರ ಮಾಡೋ ಕೆಲಸ ಬಿಫೋರ್ ಸೇವ್ ಕಾಲ್‌ಬ್ಯಾಕ್‌ನಲ್ಲಿದೆ (ಸೇವ್‌ಗೆ ಮುಂಚೆ ತಾನಾಗೇ ಓಡೋ ಕೋಡ್). ಬೇರೇನೂ ಇಲ್ಲ. ಎಲ್ಲಿ ಹುಡುಕಲಿ?

ಬಟನ್‌ಭಕ್ತ:

ಡಬಲ್ ಕ್ಲಿಕ್ ಗುರು. ಸಬ್ಮಿಟ್ ಆದ ತಕ್ಷಣ ಬಟನ್ ಡಿಸೇಬಲ್ ಮಾಡಿ, ಮುಗೀತು.

ಕಾಲ್‌ಬ್ಯಾಕ್‌ದ್ವೇಷಿ:

ಬಟನ್ ಡಿಸೇಬಲ್ ಮಾಡಿ, ಬೇಡ ಅನ್ನಲ್ಲ. ಆದರೆ ಅದರಿಂದ ಮುಗಿಯಲ್ಲ. ನೆಟ್‌ವರ್ಕ್ ಕೈಕೊಟ್ಟಾಗ ಮೊಬೈಲ್ ಆ್ಯಪ್ ತಾನೇ ರೀಟ್ರೈ ಮಾಡುತ್ತೆ, ಒಬ್ಬರೇ ಎರಡು ಟ್ಯಾಬ್ ತೆರೆದಿರ್ತಾರೆ. ಅಲ್ಲಿ ನಿಮ್ಮ ಬಟನ್ ಏನು ಮಾಡುತ್ತೆ?

ಹೊಸಕೋಡಿಗ ಅವರೇ, ನಿಮ್ಮಲ್ಲಿ ಇರೋದು ಎರಡು ಬೇರೆ ಬೇರೆ ಕಾಯಿಲೆ. ಎರಡಕ್ಕೂ ಲಕ್ಷಣ ಒಂದೇ ಇರೋದ್ರಿಂದ ಗೊಂದಲ ಆಗಿದೆ.

ಮೊದಲು ಮಿಲಿಸೆಕೆಂಡ್ ಜೋಡಿಗಳು. ಡೆವಲಪ್‌ಮೆಂಟ್ ಲಾಗ್ ತೆರೆದು ಒಂದು ಸೇವ್ ಮಾಡಿ ನೋಡಿ. ಮೊದಲು ಒಂದು ಸೆಲೆಕ್ಟ್ (ಟೇಬಲ್‌ನಲ್ಲಿ ಹುಡುಕೋದು) ಓಡುತ್ತೆ, ಆಮೇಲೆ ಇನ್ಸರ್ಟ್ (ಸಾಲು ಸೇರಿಸೋದು). ಯೂನಿಕ್‌ನೆಸ್ ವ್ಯಾಲಿಡೇಶನ್ ಅಂದರೆ ಆ ಸೆಲೆಕ್ಟ್ ಅಷ್ಟೇ: ಈ ಇಮೇಲ್ ಇದೆಯಾ ಅಂತ ಕೇಳೋದು, ಇಲ್ಲ ಅಂದರೆ ಮುಂದಕ್ಕೆ ಹೋಗೋದು. ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ ಇಬ್ಬರೂ ಕೇಳ್ತಾರೆ, ಇಬ್ಬರಿಗೂ ‘ಇಲ್ಲ’ ಅನ್ನೋ ಉತ್ತರ ಸಿಗುತ್ತೆ, ಇಬ್ಬರೂ ಇನ್ಸರ್ಟ್ ಮಾಡ್ತಾರೆ. ಟ್ರಾನ್ಸಾಕ್ಷನ್ (ಆದರೆ ಎಲ್ಲಾ ಆಗಬೇಕು, ಇಲ್ಲ ಎಲ್ಲಾ ರದ್ದಾಗಬೇಕು ಅನ್ನೋ ಕೆಲಸಗಳ ಗುಂಪು) ಒಳಗೇ ಇದೆಯಲ್ಲ ಅಂತೀರೇನೋ. ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ರೀಡ್ ಕಮಿಟೆಡ್ ಮಟ್ಟದಲ್ಲಿ ಒಬ್ಬರು ಕಮಿಟ್ ಮಾಡದ (ಇನ್ನೂ ಖಾಯಂ ಆಗದ) ಸಾಲು ಇನ್ನೊಬ್ಬರ ಕಣ್ಣಿಗೇ ಬೀಳಲ್ಲ. ಇಮೇಲ್ ಕಾಲಂ ಮೇಲೆ ಯೂನಿಕ್ ಇಂಡೆಕ್ಸ್ (ಒಂದೇ ಇಮೇಲ್ ಎರಡು ಸಲ ಬರದಂತೆ ಡೇಟಾಬೇಸೇ ತಡೆಯೋ ವ್ಯವಸ್ಥೆ) ಹಾಕೋದೇ ಖಚಿತ ದಾರಿ. ರೈಲ್ಸ್ ಗೈಡ್‌ನಲ್ಲೂ ಇದನ್ನೇ ಬರೆದಿದ್ದಾರೆ, ಜನ ಆ ಪ್ಯಾರಾ ಹಾರಿಸಿ ಹೋಗ್ತಾರೆ.

ಇನ್ನು ದಿನಗಟ್ಟಲೆ ಅಂತರ ಇರೋವು. ಅದಕ್ಕೆ ನಿಮ್ಮ ಕಾಲ್‌ಬ್ಯಾಕೇ ಕಾರಣ. (ನನ್ನ ಹೆಸರು ನೋಡಿ ಪೂರ್ವಗ್ರಹ ಅಂದುಕೋಬೇಡಿ.) ಬಿಫೋರ್ ಸೇವ್ ಓಡೋದು ವ್ಯಾಲಿಡೇಶನ್ ಮುಗಿದ ಮೇಲೆ. ಯಾರೋ ಇಮೇಲ್‌ನ ಮೊದಲ ಅಕ್ಷರ ದೊಡ್ಡದಾಗಿ ಟೈಪ್ ಮಾಡಿದರು ಅಂತಿಟ್ಕೊಳ್ಳಿ. ಪೋಸ್ಟ್‌ಗ್ರೆಸ್ ದೊಡ್ಡಕ್ಷರ ಸಣ್ಣಕ್ಷರ ಬೇರೆ ಅಂತಲೇ ನೋಡುತ್ತೆ, ಹಾಗಾಗಿ ‘ಇಲ್ಲ’ ಅನ್ನುತ್ತೆ. ವ್ಯಾಲಿಡೇಶನ್ ಪಾಸ್. ಆಮೇಲೆ ಕಾಲ್‌ಬ್ಯಾಕ್ ಬಂದು ಸಣ್ಣಕ್ಷರ ಮಾಡಿ, ಈಗಾಗಲೇ ಇರೋ ಇಮೇಲನ್ನೇ ಮತ್ತೆ ಸೇರಿಸುತ್ತೆ. ಪರೀಕ್ಷೆ ಆಗಿದ್ದು ಇಮೇಲ್‌ನ ಒಂದು ರೂಪಕ್ಕೆ, ಸೇವ್ ಆಗಿದ್ದು ಇನ್ನೊಂದು. ಅದನ್ನ ಬಿಫೋರ್ ವ್ಯಾಲಿಡೇಶನ್‌ಗೆ ಸರಿಸಿ. ನೀವು 7.1ರಲ್ಲಿ ಇರೋದ್ರಿಂದ ಕಾಲ್‌ಬ್ಯಾಕೇ ಕಿತ್ತು ಹಾಕಿ ನಾರ್ಮಲೈಸಸ್ ಬಳಸಿದರೆ ಇನ್ನೂ ಒಳ್ಳೇದು. ಅದು ಇಮೇಲ್ ಅಸೈನ್ ಆದ ಕೂಡಲೇ ಶುಚಿ ಮಾಡುತ್ತೆ, ಫೈಂಡ್ ಬೈ ಕೊಟ್ಟು ಹುಡುಕಿದಾಗಲೂ ಅನ್ವಯ ಆಗುತ್ತೆ.

ಹೊಸಕೋಡಿಗ:

ಎರಡನೇದು ಅಂತೂ ಕಣ್ಣೆದುರೇ ಇತ್ತು! ನಾರ್ಮಲೈಸಸ್ ಹಾಕಿದೆ. ಹಳೇ ಜೋಡಿಗಳನ್ನ ಒಂದುಗೂಡಿಸಿ ಇಂಡೆಕ್ಸೂ ಹಾಕಿದೆ. ಆದರೆ ಈಗ ಡಬಲ್ ಕ್ಲಿಕ್ ಆದರೆ ಬಳಕೆದಾರರಿಗೆ 500 ಎರರ್ ಪುಟ ಬರ್ತಿದೆ. ಇಂಡೆಕ್ಸ್ ತಡೆದಾಗ ಬರೋ ರೆಕಾರ್ಡ್ ನಾಟ್ ಯೂನಿಕ್ ಎಕ್ಸೆಪ್ಶನ್. ಟ್ರಾನ್ಸಾಕ್ಷನ್ ಬ್ಲಾಕ್ ಒಳಗೆ ಅದನ್ನ ರೆಸ್ಕ್ಯೂ ಮಾಡಿ (ಹಿಡಿದು) ಆಡಿಟ್ ಟೇಬಲ್‌ಗೆ ಒಂದು ಸಾಲು ಬರೆಯೋಣ ಅಂದರೆ, ಟ್ರಾನ್ಸಾಕ್ಷನ್ ಅಬಾರ್ಟ್ ಆಗಿದೆ ಅಂತ ಅದೂ ಬೀಳುತ್ತೆ.

ಇಂಡೆಕ್ಸ್ ಇದೆ ಅಂದಮೇಲೆ ಮಾಡೆಲ್‌ನ ವ್ಯಾಲಿಡೇಶನ್ ತೆಗೆದುಬಿಡಲಾ?

ಕಾಲ್‌ಬ್ಯಾಕ್‌ದ್ವೇಷಿ:

ತೆಗೀಬೇಡಿ. ಡೇಟಾಬೇಸ್ ಒಂದು ಸಲಕ್ಕೆ ಒಂದೇ ತಪ್ಪು ಹೇಳಿ ಬಾಗಿಲು ಹಾಕಿಬಿಡುತ್ತೆ. ಹೆಸರು ಖಾಲಿ, ಇಮೇಲ್ ಬಳಕೆಯಲ್ಲಿದೆ, ಫೋನ್ ನಂಬರ್ ಗಿಡ್ಡ, ಇವೆಲ್ಲಾ ಒಟ್ಟಿಗೆ ಫಾರ್ಮ್ ಪಕ್ಕ ತೋರಿಸೋಕೆ ವ್ಯಾಲಿಡೇಶನ್ನೇ ಬೇಕು.

ರೆಸ್ಕ್ಯೂ ಬಗ್ಗೆ: ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸಾಕ್ಷನ್ ಒಳಗೆ ಒಂದು ಸ್ಟೇಟ್‌ಮೆಂಟ್ ಬಿದ್ದರೆ ರೋಲ್‌ಬ್ಯಾಕ್ (ಮಾಡಿದ್ದೆಲ್ಲಾ ರದ್ದು) ಆಗೋವರೆಗೂ ಮುಂದಿನ ಯಾವುದೂ ಓಡಲ್ಲ. ಹಾಗಾಗಿ ರೆಸ್ಕ್ಯೂ ಟ್ರಾನ್ಸಾಕ್ಷನ್ ಬ್ಲಾಕ್‌ನ ಹೊರಗೆ ಇರಲಿ. ಒಳಗೇ ಇರಬೇಕು ಅನ್ನೋ ಅನಿವಾರ್ಯ ಇದ್ದರೆ ಆ ಸೇವ್ ಸುತ್ತ ರಿಕ್ವೈರ್ಸ್ ನ್ಯೂ ಕೊಟ್ಟು ಇನ್ನೊಂದು ಟ್ರಾನ್ಸಾಕ್ಷನ್ ತೆರೆಯಿರಿ, ಅದು ಸೇವ್‌ಪಾಯಿಂಟ್ ಆಗಿ ನಿಲ್ಲುತ್ತೆ, ಅಂದರೆ ಬಿದ್ದರೆ ಅಲ್ಲಿವರೆಗೆ ಮಾತ್ರ ರದ್ದಾಗುತ್ತೆ. ರೆಸ್ಕ್ಯೂ ಆದ ಮೇಲೆ ಎರರ್ಸ್‌ಗೆ ಇಮೇಲ್ ಟೇಕನ್ ಸೇರಿಸಿ, 422 ಸ್ಟೇಟಸ್‌ನಲ್ಲಿ (ಕೊಟ್ಟ ಮಾಹಿತಿ ಸರಿಯಿಲ್ಲ ಅನ್ನೋ ಕೋಡ್) ಫಾರ್ಮ್ ಮತ್ತೆ ರೆಂಡರ್ ಮಾಡಿ. ಬಳಕೆದಾರರಿಗೆ ಮಾಮೂಲಿ ವ್ಯಾಲಿಡೇಶನ್ ಎರರ್ ಥರಾನೇ ಕಾಣುತ್ತೆ.

ಇಲ್ಲೊಂದು ಗುಂಡಿ ಇದೆ: ಎರರ್ ಸೇರಿಸಿದ ಮೇಲೆ ಎಲ್ಲೂ ರೆಕಾರ್ಡನ್ನ ವ್ಯಾಲಿಡ್ ಅಂತ (ವ್ಯಾಲಿಡೇಶನ್ ಮತ್ತೆ ಓಡಿಸೋ ಮೆಥಡ್) ಕೇಳಬೇಡಿ. ಕೇಳಿದ ಕೂಡಲೇ ಹಳೇ ಎರರ್ಸ್ ಎಲ್ಲಾ ಅಳಿಸಿ ಹೊಸದಾಗಿ ಶುರು ಮಾಡುತ್ತೆ.

ಇಂಪೋರ್ಟ್‌ಪೀಡಿತ:

ನಡುವೆ ಬಾಯಿ ಹಾಕ್ತೀನಿ. ಸಿಎಸ್‌ವಿ ಇಂಪೋರ್ಟ್ ಏನಾದರೂ ಇದ್ದರೆ ಅದನ್ನೂ ನೋಡಿ. ಇನ್ಸರ್ಟ್ ಆಲ್, ಅಪ್‌ಡೇಟ್ ಆಲ್, ಅಪ್‌ಡೇಟ್ ಕಾಲಂ, ಟೇಬಲ್‌ಗೆ ನೇರವಾಗಿ ಬರೆಯೋ ಇವು ಯಾವುವೂ ವ್ಯಾಲಿಡೇಶನ್ ಕಡೆ ತಿರುಗಿಯೂ ನೋಡಲ್ಲ. ಅದರಲ್ಲೂ ಇನ್ಸರ್ಟ್ ಆಲ್ ಆಶ್ಚರ್ಯಚಿಹ್ನೆ ಇಲ್ಲದೆ ಬಳಸಿದರೆ ಇಂಡೆಕ್ಸ್‌ಗೆ ಡಿಕ್ಕಿ ಹೊಡೆದ ಸಾಲನ್ನ ಸದ್ದಿಲ್ಲದೆ ಬಿಟ್ಟುಬಿಡುತ್ತೆ. ಅರ್ಧ ಜನ ಯಾಕೆ ಬರಲಿಲ್ಲ ಅಂತ ಆಮೇಲೆ ಹುಡುಕ್ತಾ ಕೂರ್ಬೇಕು.

ಹೊಸಕೋಡಿಗ:

ಇಂಪೋರ್ಟ್ ಇದೆ, ನಾಳೆ ನೋಡ್ತೀನಿ. ಕೊನೇ ಪ್ರಶ್ನೆ: ಈ ಡಿಕ್ಕಿಗೆ ಟೆಸ್ಟ್ ಬರೆಯೋದು ಹೇಗೆ? ಎರಡು ಥ್ರೆಡ್ ಒಟ್ಟಿಗೆ ಓಡಿಸಬೇಕಾ?

ಕಾಲ್‌ಬ್ಯಾಕ್‌ದ್ವೇಷಿ:

ಥ್ರೆಡ್ ಗೋಜಿಗೆ ಹೋಗಬೇಡಿ, ಒಮ್ಮೆ ಪಾಸ್ ಒಮ್ಮೆ ಫೇಲ್ ಆಗಿ ಜೀವ ತಿನ್ನುತ್ತೆ. ಅದೇ ಇಮೇಲ್‌ನ ಎರಡನೇ ರೆಕಾರ್ಡನ್ನ ವ್ಯಾಲಿಡೇಟ್ ಫಾಲ್ಸ್ ಕೊಟ್ಟು (ವ್ಯಾಲಿಡೇಶನ್ ಓಡಿಸದೆ) ಸೇವ್ ಮಾಡಿ, ರೆಕಾರ್ಡ್ ನಾಟ್ ಯೂನಿಕ್ ಬರಬೇಕು ಅಂತ ಬರೆಯಿರಿ. ಬರಲಿಲ್ಲ ಅಂದರೆ ಯಾರೋ ಇಂಡೆಕ್ಸ್ ತೆಗೆದಿದ್ದಾರೆ ಅಂತ.