ಮರಳುಗಾಡಿನ ರಾಣಿ, ಲೋಹದ ಪ್ರತಿಮೆಗಳು: ಇದು ಯಾವ ಚಿತ್ರ?

ಹಳೇರೀಲು:
ವರ್ಷಗಳ ಹಿಂದೆ ಒಂದು ಫ್ರೆಂಚ್ ಚಿತ್ರದ ತುಣುಕು ನೋಡಿದ್ದೆ. ಸಹಾರಾದಲ್ಲಿ ಇಬ್ಬರು ಸೇನಾಧಿಕಾರಿಗಳು, ಬೆಟ್ಟದೊಳಗೆ ಅಡಗಿದ ರಾಜ್ಯ, ಅಲ್ಲೊಬ್ಬ ರಾಣಿ. ಅವಳನ್ನು ಮೋಹಿಸಿ ಸತ್ತವರನ್ನೆಲ್ಲ ಲೋಹದ ಪ್ರತಿಮೆ ಮಾಡಿ ಸಾಲಾಗಿ ಇಟ್ಟಿರುತ್ತಾರೆ. ಹುಡುಕಿದರೆ ಇದೇ ಕಥೆಯ ಎರಡು ಚಿತ್ರ ಸಿಗುತ್ತಿವೆ, 1921ರದ್ದೊಂದು, 1932ರದ್ದೊಂದು. ನಾನು ನೋಡಿದ್ದು ಯಾವುದು?

ನಾಲ್ಕನೇಸಾಲು:
ರಾಣಿ ಚದುರಂಗ ಆಡ್ತಾಳಾ? ಆಡಿದರೆ 1932ರದ್ದು. ಪಾಬ್ಸ್ಟ್ ನಿರ್ದೇಶನ, ರಾಣಿಯಾಗಿ ಬ್ರಿಗಿಟ್ಟೆ ಹೆಲ್ಮ್. ಟಾಕಿ ಅದು; ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ತೆಗೆದಿದ್ದರು.

ಹಳೇರೀಲು:
ಚದುರಂಗ ನೆನಪಿಲ್ಲ. ಮಾತಂತೂ ಇರಲೇ ಇಲ್ಲ, ನಡುನಡುವೆ ಬರಹ ಬರ್ತಿತ್ತು.

ಮೂಕಿಮೋಹಿ:
ಹಾಗಾದರೆ ಅನುಮಾನವೇ ಬೇಡ, ಜಾಕ್ ಫೇಡೇರ್ ತೆಗೆದ 'ಲಾಟ್ಲಾಂಟಿಡ್', 1921. ಪಿಯೆರ್ ಬೆನ್ವಾ 1919ರಲ್ಲಿ ಬರೆದ ಕಾದಂಬರಿಯ ಕಥೆ. ಸಮುದ್ರದಲ್ಲಿ ಮುಳುಗಿಹೋಯಿತು ಅಂತ ದಂತಕಥೆ ಹೇಳುವ ಅಟ್ಲಾಂಟಿಸ್ ರಾಜ್ಯ ಮುಳುಗೇ ಇಲ್ಲ, ಅಲ್ಜೀರಿಯಾದ ಹೊಗ್ಗಾರ್ ಬೆಟ್ಟಗಳಲ್ಲಿ ಉಳಿದುಕೊಂಡಿದೆ ಅನ್ನೋದು ಅದರ ಕಲ್ಪನೆ. ಪ್ರತಿಮೆಯ ಲೋಹ ಒರಿಕಾಲ್ಕಮ್, ಪ್ಲೇಟೋ ಅಟ್ಲಾಂಟಿಸ್ ವರ್ಣಿಸುವಾಗ ಹೇಳುವ ಲೋಹವೇ.

ನಾನು ಮೂರು ಸಲ ನೋಡಿದ್ದೇನೆ. ಮೊದಲ ಸಲ ನಿದ್ದೆ ಹೋದೆ, ಸುಳ್ಳು ಯಾಕೆ ಹೇಳಲಿ. ರಾಣಿ ಆಂಟಿನಿಯಾ ಆಗಿರುವ ಸ್ತಾಸಿಯಾ ನಪಿಯರ್ಕೋವ್ಸ್ಕಾ ಒರಗಿಕೊಂಡೇ ಇರ್ತಾಳೆ. ಇವಳಿಗಾಗಿ ಇಷ್ಟು ಗಂಡಸರು ಯಾಕೆ ಸಾಯ್ತಾರೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅರಮನೆಯೂ ಅಷ್ಟಕ್ಕಷ್ಟೇ. ಒಳಾಂಗಣವನ್ನೆಲ್ಲ ಅಲ್ಜೀರ್ಸ್ ಹೊರವಲಯದಲ್ಲಿ ಡೇರೆ ಹಾಕಿ, ಅದರೊಳಗೆ ಸೆಟ್ ಕಟ್ಟಿ ತೆಗೆದದ್ದು.

ಆದರೆ ಹೊರಗೆ ಬಂದ ಕೂಡಲೇ ಚಿತ್ರಕ್ಕೆ ಜೀವ ಬರುತ್ತೆ. ಸ್ಟುಡಿಯೋದಲ್ಲಿ ಮರಳು ಸುರಿದು ಮುಗಿಸಬಹುದಿತ್ತು. ಫೇಡೇರ್ ತಂಡ ಕಟ್ಟಿಕೊಂಡು ನಿಜವಾದ ಸಹಾರಾಕ್ಕೇ ಹೋದ. ಕೊನೆಗೆ ದಾಸಿ ತಾನಿತ್-ಜೆರ್ಗಾ ಅಧಿಕಾರಿಯ ಜೊತೆ ಓಡಿಹೋಗಿ, ದಾರಿಯಲ್ಲಿ ಬಾಯಾರಿ ಸಾಯ್ತಾಳಲ್ಲ, ಅಲ್ಲಿ ಸುತ್ತಲ ಬಿಸಿಲು ನಟನೆಯದಲ್ಲ. ಈ ಚಿತ್ರದ ದೊಡ್ಡ ನಟ ಮರಳು ಅಂತ ವಿಮರ್ಶಕ ಲೂಯಿ ದೆಲ್ಯುಕ್ ಆಗಲೇ ಹೇಳಿದ್ದ. ಹೊಗಳಿಕೆಯಲ್ಲೇ ನಪಿಯರ್ಕೋವ್ಸ್ಕಾಗೆ ಒಂದು ಏಟು, ನನ್ನ ಪ್ರಕಾರ.

ನಾಲ್ಕನೇಸಾಲು:
ರಾಣಿಯ ವಿಷಯದಲ್ಲಿ ಒಪ್ಪಲ್ಲ ಸಾರ್. ಆ ಆಲಸ್ಯವೇ ಪಾತ್ರ. ಯುಗಯುಗದಿಂದ ಕಾಯ್ತಿರೋ ವಂಶದವಳು ಓಡಾಡಬೇಕಾ?

ಮೂಕಿಮೋಹಿ:
ಓಡಾಡೋದು ಬೇಡ ಮಾರಾಯರೆ, ಕಣ್ಣಾದರೂ ಆಡಿಸಬಹುದಿತ್ತು.

ಹಳೇರೀಲು:
ಇಬ್ಬರಿಗೂ ಥ್ಯಾಂಕ್ಸ್. ನನಗೆ ಪ್ರತಿಮೆ ಮಾತ್ರ ನೆನಪಿತ್ತು, ಮರಳು ಮರೆತೇ ಹೋಗಿತ್ತು. ಪೂರ್ತಿ ಚಿತ್ರ ಎಷ್ಟು ಹೊತ್ತು?

ಮೂಕಿಮೋಹಿ:
ಎರಡೂವರೆ ಗಂಟೆಗೂ ಮೇಲೆ. ಊಟ ಮಾಡಿ ಕೂರಬೇಡಿ, ನನ್ನ ಗತಿಯೇ ಆಗುತ್ತೆ.