ಡಿಸ್ಕ್ ಜಾರಿದರೆ ಆಪರೇಷನ್ ಆಗಲೇಬೇಕೇ?

ಪ್ರಶ್ನೆ – ಶಿರಸಿಯಿಂದ
ನಮಸ್ಕಾರ. ನನ್ನ ತಮ್ಮನಿಗೆ 38 ವರ್ಷ. ಅಡಿಕೆ ತೋಟಕ್ಕೆ ಗೊಬ್ಬರ ಹೊರುವಾಗ ಸೊಂಟ ಹಿಡಿದುಕೊಂಡಿತು. ಈಗ ಮೂರು ವಾರಗಳಿಂದ ನೋವು ಎಡಗಾಲಿನ ಹೊರಬದಿಯಲ್ಲಿ ಇಳಿದು ಹೆಬ್ಬೆರಳವರೆಗೆ ಸೆಳೆಯುತ್ತಿದೆ, ಕೆಮ್ಮಿದರೆ ಇನ್ನೂ ಹೆಚ್ಚಾಗುತ್ತದೆ. ಸೊಂಟದ ಭಾಗದ ಬೆನ್ನುಮೂಳೆಗಳಾದ ಎಲ್4 ಮತ್ತು ಎಲ್5ರ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹೊರಚಾಚಿ ನರವನ್ನು ಒತ್ತುತ್ತಿದೆ ಎಂದು ಎಂಆರ್‌ಐ ವರದಿ ಹೇಳುತ್ತದೆ. ಮನೆಯಲ್ಲಿ ಕೆಲವರು ಕೂಡಲೇ ಆಪರೇಷನ್ ಮಾಡಿಸಿ ಎನ್ನುತ್ತಾರೆ, ಉಳಿದವರು ಬೆನ್ನು ನೀವುವವರ ಬಳಿ ಕರೆದೊಯ್ಯಲು ಹೇಳುತ್ತಾರೆ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 – ಕಾರವಾರದ ಫಿಸಿಯೋಥೆರಪಿಸ್ಟ್
ಡಿಸ್ಕಿನ ಒಳಗೆ ಮೆತ್ತನೆಯ ತಿರುಳು, ಸುತ್ತಲೂ ಗಟ್ಟಿ ನಾರಿನ ಪದರ ಇರುತ್ತವೆ. ನಾರು ಹರಿದಾಗ ತಿರುಳು ಹೊರಬಂದು ನರವನ್ನು ಒತ್ತುತ್ತದೆ, ಜೊತೆಗೆ ಅಲ್ಲಿ ಉರಿಯೂತವನ್ನೂ ಉಂಟುಮಾಡುತ್ತದೆ. ಹೀಗೆ ಹೊರಬಂದ ತಿರುಳನ್ನು ಶರೀರವೇ ಕ್ರಮೇಣ ಕರಗಿಸಿಕೊಳ್ಳುವುದುಂಟು. ಆದ್ದರಿಂದಲೇ ಹೆಚ್ಚಿನವರ ಕಾಲುನೋವು 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆ ಇಳಿಯುತ್ತದೆ. ನೋವೇ ಇಲ್ಲದ ಅನೇಕರ ಎಂಆರ್‌ಐಯಲ್ಲೂ ಡಿಸ್ಕ್ ಉಬ್ಬಿರುವುದು ಕಾಣುವುದರಿಂದ, ವರದಿಯೊಂದನ್ನೇ ಹಿಡಿದು ತೀರ್ಮಾನಿಸುವುದು ಸರಿಯಲ್ಲ. ಕಾಲಿನ ಬಲವನ್ನು ಪರೀಕ್ಷಿಸಲೇಬೇಕು. ನಿಮ್ಮ ತಮ್ಮ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಯಬಲ್ಲರೇ, ಎಡಗಾಲಿನ ಹೆಬ್ಬೆರಳನ್ನು ಬಲಗಾಲಿನಷ್ಟೇ ಗಟ್ಟಿಯಾಗಿ ಮೇಲೆತ್ತಬಲ್ಲರೇ ಎಂದು ನೋಡಿ.

ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮತ್ತು ಗುದದ ಸುತ್ತ ಜೋಮು ಹಿಡಿದರೆ, ರಾತ್ರಿಯಾಗಿದ್ದರೂ ಕಾಯದೆ ನರಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೊರಡಿ. ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂಥ ಸ್ಥಿತಿಯಲ್ಲಿ ತಡವಾದಷ್ಟೂ ನರ ಚೇತರಿಸಿಕೊಳ್ಳುವ ಸಾಧ್ಯತೆ ಕುಗ್ಗುತ್ತದೆ. ನರ ಒತ್ತಿರುವಾಗ ಬೆನ್ನನ್ನು ಜೋರಾಗಿ ತಿರುಚಿ ನೆಟಿಕೆ ತೆಗೆಸುವುದು ಖಂಡಿತ ಬೇಡ.

ಉತ್ತರ 2 – ಕುಮಟಾದಿಂದ
ನನ್ನ ಪಾದ ದಿನೇ ದಿನೇ ಸೋಲುತ್ತಿದ್ದುದರಿಂದ ಮೈಕ್ರೋಡಿಸ್ಕೆಕ್ಟಮಿ ಎಂಬ ಆಪರೇಷನ್ ಮಾಡಿಸಿಕೊಂಡೆ. ನರವನ್ನು ಒತ್ತುತ್ತಿದ್ದ ತುಣುಕನ್ನಷ್ಟೇ ತೆಗೆದರು, ಮರುದಿನವೇ ನಡೆಸಿದರು. ಕಾಲಿನ ಸೆಳೆತ ಬೇಗ ಹೋಯಿತು, ಜೋಮು ಮಾತ್ರ ಬಹಳ ಕಾಲ ಉಳಿಯಿತು. ಆಪರೇಷನ್ ಮಾಡಿಸಿದವರು ಹಾಸಿಗೆ ಹಿಡಿಯುತ್ತಾರೆಂಬ ಭಯವನ್ನು ಬಿಡಿ, ಆದರೆ ಅಗತ್ಯವಿಲ್ಲದೆ ಮಾಡಿಸಬೇಡಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ಹಿಮ್ಮಡಿಯ ಮೇಲೆ ನಡೆಯುತ್ತಾನೆ, ಹೆಬ್ಬೆರಳೂ ಗಟ್ಟಿಯಾಗಿದೆ, ಮೂತ್ರದ ತೊಂದರೆ ಇಲ್ಲ. ಪೂರ್ತಿ ಮಲಗಿಯೇ ಇರಬೇಕೇ?

ಉತ್ತರ 1 – ಮತ್ತೆ
ಬೇಡ. ನೋವು ಸಹಿಸಲಾಗದ ಒಂದೆರಡು ದಿನ ಮಲಗಬಹುದು, ಅನಂತರ ಅಂಗಳದಲ್ಲಿ ಸ್ವಲ್ಪಸ್ವಲ್ಪವೇ ನಡೆಯಲಿ. ಹೊರೆ ಹೊರುವುದು, ಬಗ್ಗಿ ಅಡಿಕೆ ಹೆಕ್ಕುವುದು ಸದ್ಯ ನಿಲ್ಲಲಿ. ನೋವಿನ ಮಾತ್ರೆಯನ್ನು ವೈದ್ಯರು ಬರೆದಷ್ಟೇ ಕೊಡಿ, ವ್ಯಾಯಾಮವನ್ನು ಎದುರಿಗೇ ನಿಂತು ಕಲಿಸುವವರಿಂದ ಕಲಿಯಲಿ. ಆರು ವಾರ ಕಳೆದರೂ ನೋವು ಇಳಿಯದಿದ್ದರೆ ಬೆನ್ನಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಿಸುವುದೋ ಆಪರೇಷನ್ ಮಾಡಿಸುವುದೋ ಎಂಬುದನ್ನು ತಜ್ಞರೊಡನೆ ಚರ್ಚಿಸಿ. ಹಿಮ್ಮಡಿಯ ನಡಿಗೆಯನ್ನು ಮಾತ್ರ ದಿನವೂ ನೋಡುತ್ತಿರಿ. ಪಾದ ಸೋಲತೊಡಗಿದರೆ ಆರು ವಾರ ಕಾಯುವಂತಿಲ್ಲ.